ಸರ್ಜರಿ ವಾರ್ಡಿನಲ್ಲಿ ಮಾತ್ರೆ ಚಟದ ಚಿಕಿತ್ಸೆ: ನನ್ನ ಅನುಭವ

ನಾನು ಮನೋವೈದ್ಯ. ಸರ್ಜರಿ ವಾರ್ಡಿನಿಂದ ನನಗೆ ಬರುವ ಕರೆ ಹೆಚ್ಚಾಗಿ ಒಂದೇ ಥರ ಇರುತ್ತದೆ. 'ಸಾರ್, ಪೇಷೆಂಟ್ ಗಲಾಟೆ ಮಾಡ್ತಿದಾನೆ, ಸೈನ್ ಹಾಕಿ ಮನೆಗೆ ಹೋಗ್ತೀನಿ ಅಂತಾನೆ.' ತೋಳಲ್ಲಿ ಕೀವು ತುಂಬಿ ಬಂದವನು. ಆಪರೇಷನ್ ಈಗಷ್ಟೇ ಆಗಿದೆ, ಆಂಟಿಬಯಾಟಿಕ್ ಇನ್ನೂ ಹಾಕಬೇಕು. ಹೋಗಿ ನೋಡಿದರೆ ಆಕಳಿಕೆ ಮೇಲೆ ಆಕಳಿಕೆ. ಮೂಗು ಸೋರುತ್ತಿದೆ, ಮೈಕೂದಲು ನಿಂತಿದೆ, ಪಾಪೆ ಅಗಲವಾಗಿದೆ, ಬೇಧಿ ಬೇರೆ. ಇದು ಗಲಾಟೆಯಲ್ಲ, ವಿತ್‌ಡ್ರಾವಲ್, ಅಂದರೆ ಚಟದ ಔಷಧಿ ಸಿಗದೆ ಮೈ ಪಡುವ ಸಂಕಟ. ಇದಕ್ಕೆ ಮದ್ದು ಕೊಡದೆ ಬರೀ ಬುದ್ಧಿ ಹೇಳಿದರೆ ಅವನು ಹೋಗೇ ಹೋಗುತ್ತಾನೆ.

ನಾನು ನೋಡುವವರಲ್ಲಿ ಹೆರಾಯಿನ್‌ಗಿಂತ ಟಪೆಂಟಡಾಲ್ ಎಂಬ ಅಮಲು ಬರಿಸುವ ನೋವಿನ ಮಾತ್ರೆಯವರೇ ಜಾಸ್ತಿ. ಪುಡಿ ಮಾಡಿ, ನೀರಲ್ಲಿ ಕಲಸಿ, ರಕ್ತನಾಳಕ್ಕೆ ಚುಚ್ಚಿಕೊಳ್ಳುತ್ತಾರೆ. ಮಾತ್ರೆಯ ಅಂಟು, ಪುಡಿ ಎಲ್ಲ ಒಳಗೆ ಹೋಗಿ ಕೀವಾಗುತ್ತದೆ. ಒಬ್ಬರ ಸೂಜಿ ಇನ್ನೊಬ್ಬರು ಬಳಸಿರಲೂಬಹುದು. ಹಾಗಾಗಿ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯನ್ನು ಅವತ್ತೇ ಬರೆಯುತ್ತೇನೆ. ಜ್ವರ ಇಳಿಯದಿದ್ದರೆ, ಸೋಂಕು ಹೃದಯಕ್ಕೂ ತಗುಲಿದೆಯೇ ಎಂದು ನೋಡಲು ಎಕೋ ಸ್ಕ್ಯಾನ್ ಕೂಡ.

ಇಲ್ಲೊಂದು ಮಾತು. ಅಮಲು ಪದಾರ್ಥ ಹುಡುಕುವ ಮೂತ್ರದ ಕಿಟ್ ನೆಗೆಟಿವ್ ಬಂತೆಂದು ಎಷ್ಟೋ ಸಲ ವಾರ್ಡಿನವರು ಸುಮ್ಮನಾಗಿಬಿಡುತ್ತಾರೆ. ಸಾಮಾನ್ಯ ಕಿಟ್ ಹುಡುಕುವುದು ಮಾರ್ಫಿನ್ ಜಾತಿಯದನ್ನು. ಟಪೆಂಟಡಾಲ್, ಟ್ರಮಡಾಲ್ ಅದಕ್ಕೆ ಸಿಗುವುದಿಲ್ಲ. ಕಿಟ್‌ಗಿಂತ ಕೇಳುವುದೇ ವಾಸಿ. ಮನೆಯವರನ್ನು ಆಚೆ ಕಳಿಸಿ, 'ಪೊಲೀಸರಿಗೆ ಹೇಳೋಕಲ್ಲಪ್ಪ, ಔಷಧಿ ಲೆಕ್ಕ ಹಾಕೋಕೆ ಬೇಕು, ಕೊನೇ ಸಲ ಯಾವಾಗ ತಗೊಂಡೆ?' ಅಂತ ಕೇಳುತ್ತೇನೆ. ಬಹಳಷ್ಟು ಜನ ಹೇಳಿಬಿಡುತ್ತಾರೆ.

ಆ ಹೊತ್ತು ಗೊತ್ತಾಗಲೇಬೇಕು. ವಿತ್‌ಡ್ರಾವಲ್‌ಗೆ ನಾವು ಕೊಡುವ ಮದ್ದು ಬುಪ್ರೆನಾರ್ಫಿನ್. ಅದನ್ನು ಅವಸರದಲ್ಲಿ ಕೊಟ್ಟರೆ ಮೈಯಲ್ಲಿ ಇನ್ನೂ ಇರುವ ಚಟದ ಔಷಧಿಯನ್ನು ಆಚೆಗೆ ತಳ್ಳಿ, ವಿತ್‌ಡ್ರಾವಲ್ ಒಮ್ಮೆಲೇ ಕೆರಳುತ್ತದೆ. ಕೊನೇ ಡೋಸ್ ಆಗಿ ಸುಮಾರು 12 ಗಂಟೆ ಕಳೆದಿರಬೇಕು, ಲಕ್ಷಣಗಳು ಚೆನ್ನಾಗಿ ಕಾಣಬೇಕು. ವಿತ್‌ಡ್ರಾವಲ್ ಎಷ್ಟಿದೆ ಎಂದು ಅಳೆಯುವ ಕೌಸ್ ಸ್ಕೋರ್ (COWS) ಹಾಕಲು ನರ್ಸ್‌ಗಳಿಗೆ ಹೇಳಿಕೊಟ್ಟಿದ್ದೇವೆ. ನಾಡಿ, ಬೆವರು, ಪಾಪೆ, ನಡುಕ, ಹೀಗೆ 11 ಅಂಶ. ಸ್ಕೋರ್ 12ರ ಹತ್ತಿರ ಬಂದರೆ 2 ಮಿಲಿಗ್ರಾಂ ಶುರು. ಒಂದೆರಡು ಗಂಟೆ ನೋಡಿ ಮತ್ತೆ 2. ಮೊದಲ ದಿನ ಸಾಮಾನ್ಯವಾಗಿ ಒಟ್ಟು 8 ಮಿಲಿಗ್ರಾಂ ಒಳಗೇ ನಿಲ್ಲಿಸುತ್ತೇನೆ. ಮಾತ್ರೆ ನಾಲಿಗೆ ಕೆಳಗೆ ಕರಗಬೇಕು, ನುಂಗಿದರೆ ಪ್ರಯೋಜನ ಕಡಿಮೆ. ಅದು ಕರಗುವ ತನಕ ಸಿಸ್ಟರ್ ಮುಂದೆಯೇ ನಿಂತಿರುತ್ತಾರೆ. ಸರಿಯಾಗಿ ಹೊಂದಿದರೆ ಅವತ್ತೇ ಊಟ ಕೇಳುತ್ತಾರೆ.

ನೋವಿನ ವಿಷಯದಲ್ಲಿ ಸರ್ಜನ್‌ಗಳ ಜೊತೆ ಆಗಾಗ ವಾದ ಆಗುತ್ತದೆ. 'ಚಟಕ್ಕೆ ಕೇಳ್ತಾನೆ, ಕೊಡಬೇಡಿ' ಎನ್ನುವವರಿದ್ದಾರೆ. ಕತ್ತರಿಸಿದ ಗಾಯ ಎಲ್ಲರಿಗೂ ನೋಯುತ್ತದೆ, ಅಲ್ವಾ? ಇವರಿಗೆ ಸ್ವಲ್ಪ ಜಾಸ್ತಿಯೇ. ಬುಪ್ರೆನಾರ್ಫಿನ್ ನಿಲ್ಲಿಸದೆ ಅದೇ ಡೋಸನ್ನು ದಿನಕ್ಕೆ ಮೂರು ಸಲ ಹಂಚಿ, ಪ್ಯಾರಾಸಿಟಮಾಲ್ ಸೇರಿಸುತ್ತೇನೆ. ಕಿಡ್ನಿ ಚೆನ್ನಾಗಿದ್ದರೆ ಡೈಕ್ಲೋಫಿನಾಕ್ ಕೂಡ. ಸಾಲದಿದ್ದರೆ ಅರಿವಳಿಕೆಯವರನ್ನು ನರದ ಬ್ಲಾಕ್‌ಗೆ, ಅಂದರೆ ಆ ಭಾಗ ಮರಗಟ್ಟಿಸುವ ಇಂಜೆಕ್ಷನ್‌ಗೆ, ಕರೆಯುತ್ತೇನೆ.

ತಾಯಂದಿರ ಪ್ರಶ್ನೆ ಬೇರೆ. 'ಒಂದು ಚಟ ಬಿಡಿಸಿ ಇನ್ನೊಂದು ಹತ್ತಿಸ್ತೀರಾ ಡಾಕ್ಟ್ರೇ?' ಬೇಸರವೇನಿಲ್ಲ, ಕೇಳಬೇಕಾದದ್ದೇ. ಈ ಮಾತ್ರೆ ಒಂದು ಮಟ್ಟ ದಾಟಿದ ಮೇಲೆ ಎಷ್ಟು ಕೊಟ್ಟರೂ ಅಮಲು ಏರುವುದಿಲ್ಲಮ್ಮ, ಇಡೀ ದಿನ ವಿತ್‌ಡ್ರಾವಲ್ ತಡೆಯುತ್ತದೆ, ಇದನ್ನು ತಗೊಂಡು ಕೆಲಸಕ್ಕೆ ಹೋಗಬಹುದು ಅನ್ನುತ್ತೇನೆ. ಇನ್ನೊಂದನ್ನೂ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಪೂರ್ತಿ ಬಿಡಿಸಿ ಕಳಿಸಿದರೆ ದೇಹ ಹಳೇ ಡೋಸಿನ ಅಭ್ಯಾಸ ಮರೆತಿರುತ್ತದೆ. ಆಮೇಲೆ ಅಷ್ಟೇ ಚುಚ್ಚಿಕೊಂಡರೆ ಉಸಿರೇ ನಿಲ್ಲಬಹುದು. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ, ತುಟಿ ನೀಲಿಯಾದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಡಿಸ್ಚಾರ್ಜ್ ದಿನ ನನಗೆ ತಲೆಬಿಸಿ. ಈ ಮಾತ್ರೆ ಬೀದಿಯ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ, ವ್ಯಸನಮುಕ್ತಿ ಸೌಲಭ್ಯ ಇರುವ ಕಡೆಯೇ ಸಿಗಬೇಕು. ಆದ್ದರಿಂದ ಆದಷ್ಟೂ ಶನಿವಾರ, ಹಬ್ಬದ ಹಿಂದಿನ ದಿನ ಮನೆಗೆ ಕಳಿಸಬೇಡಿ ಅಂತ ಸರ್ಜನ್‌ಗಳಿಗೆ ಮೊದಲೇ ಹೇಳಿಡುತ್ತೇನೆ. ಮುಂದಿನ ಒಪಿಡಿ ದಿನದವರೆಗಿನ ಮಾತ್ರೆಯನ್ನು ಮನೆಯವರ ಕೈಗೇ ಕೊಟ್ಟು, ಡ್ರೆಸ್ಸಿಂಗ್‌ಗೆ ಬರುವ ದಿನವೇ ನನ್ನ ಒಪಿಡಿಗೂ ಬರುವಂತೆ ಚೀಟಿಯಲ್ಲಿ ಬರೆಯುತ್ತೇನೆ. ಗಾಯ ಕಟ್ಟಿಸಲು ಹೇಗೂ ಬರುತ್ತಾರೆ, ನನ್ನನ್ನೂ ನೋಡಿಕೊಂಡು ಹೋಗುತ್ತಾರೆ.