ಕಕ್ಕಡದ ಮಳೆಯಲ್ಲೂ ರಸಮೇವು: ನನ್ನ ಅನುಭವ

ಕಾಫಿ ಮಾರುವಾಗ ಅರ್ಧ ಪರ್ಸೆಂಟ್ ತೇವಕ್ಕೂ ಜಗಳ ಆಡುವವರು ನಾವು. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜ) ತೇವ 10ಕ್ಕೆ ಬಂತಾ ಇಲ್ವಾ ಅಂತ ಹಲ್ಲಲ್ಲಿ ಕಚ್ಚಿ ನೋಡುತ್ತೇವೆ. ಆದರೆ ಹಸುವಿಗೆ ಹಾಕುವ ಹುಲ್ಲಿನಲ್ಲಿ ನೀರೆಷ್ಟು, ಮೇವೆಷ್ಟು ಅಂತ ನೋಡುವವರು ಕೊಡಗಿನಲ್ಲಿ ಬೆರಳೆಣಿಕೆ. ನಮ್ಮ ಮಾದಾಪುರದ ಈ ಮಳೆಯಲ್ಲಿ, ಅದೂ ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಕೊಡವ ತಿಂಗಳು), ರಸಮೇವು ಆಗೋದೇ ಇಲ್ಲ ಅಂದವರು ತುಂಬಾ ಜನ. ರಸಮೇವು ಅಂದರೆ ಸೈಲೇಜ್, ಹಸಿ ಮೇವನ್ನು ಗಾಳಿಯಾಡದ ಹಾಗೆ ತುಂಬಿ, ಹುಳಿ ಬರಿಸಿ, ಕೆಡದಂತೆ ಇಡುವುದು. ಈಗ ಮೂರು ಮಳೆಗಾಲದಿಂದ ನಾನು ಡ್ರಮ್ಮುಗಳಲ್ಲಿ ತುಂಬಿದ ರಸಮೇವು ಕೆಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. 400 ಕೆಜಿ ತೂಕದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹಸುವಿಗೆ ದಿನಕ್ಕೆ ಹತ್ತಿರತ್ತಿರ 12 ಕೆಜಿ ಡ್ರೈ ಮ್ಯಾಟರ್, ಅಂದರೆ ನೀರು ಕಳೆದು ಉಳಿಯುವ ಒಣ ಅಂಶ ಬೇಕು. ಬಿಸಿಲಲ್ಲಿ ಕೊಯ್ದ ಎಳೆ ನೇಪಿಯರ್ ಹುಲ್ಲಿನಲ್ಲಿ ಒಣ ಅಂಶ 17-18 ಪರ್ಸೆಂಟ್. ಜುಲೈ ಮಳೆಯಲ್ಲಿ ಕೊಯ್ದು ಹಾಗೇ ತೂಗಿದರೆ ನನಗೆ 14 ಬಂದದ್ದೇ ಜಾಸ್ತಿ. ಅಂದರೆ 35 ಕೆಜಿ ಹುಲ್ಲು ಹೊತ್ತು ತಂದು ಹಾಕಿದರೂ ಹೊಟ್ಟೆಗೆ ಹೋಗುವುದು 5 ಕೆಜಿಗೂ ಕಮ್ಮಿ. ಉಳಿದ 30 ಕೆಜಿ ಬರೀ ನೀರು. ಆಮೇಲೆ ಡೈರಿಯಲ್ಲಿ ಫ್ಯಾಟ್ ಬರಲಿಲ್ಲ ಅಂತ ಹಿಂಡಿ ಚೀಲದ ಮೇಲೆ ಚೀಲ ತರುತ್ತೇವೆ.

ಅಳೆಯಲು ಮನೆಯ ಮೈಕ್ರೋವೇವ್ ಸಾಕು. ಕತ್ತರಿಸಿದ ಹುಲ್ಲು 100 ಗ್ರಾಂ, ಪಕ್ಕದಲ್ಲಿ ಒಂದು ಲೋಟ ನೀರು. ಆ ನೀರು ಇಡಲೇಬೇಕು, ಇಲ್ಲದಿದ್ದರೆ ಹುಲ್ಲು ಸುಟ್ಟು ಕರಕಲಾಗುತ್ತದೆ. ಮೊದಲು ಮೂರು ನಿಮಿಷ, ಆಮೇಲೆ ಒಂದೊಂದೇ ನಿಮಿಷ. ತೂಕ ಇಳಿಯುವುದು ನಿಂತಾಗ ತಕ್ಕಡಿಯಲ್ಲಿ 18 ಗ್ರಾಂ ಇದ್ದರೆ ಒಣ ಅಂಶ 18 ಪರ್ಸೆಂಟ್. ಕರೆಂಟ್ ಇಲ್ಲದ ದಿನ ಮುಷ್ಟಿಯೇ ಗತಿ. ಕತ್ತರಿಸಿದ ಹುಲ್ಲನ್ನು ಗಟ್ಟಿಯಾಗಿ ಹಿಂಡಿ, ಕೈ ಬಿಡಿ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಒಣ ಅಂಶ 25ಕ್ಕಿಂತ ಕೆಳಗೆ. ಉಂಡೆ ನಿಧಾನಕ್ಕೆ ಬಿಚ್ಚಿಕೊಂಡು, ಅಂಗೈ ಒದ್ದೆಯಾಗದಿದ್ದರೆ 30 ದಾಟಿದೆ, ತುಂಬಬಹುದು.

ಮೊದಲ ಸಲ ಎಲ್ಲರ ಹಾಗೆ ನಾನೂ ಹಸಿ ನೇಪಿಯರ್ ಕತ್ತರಿಸಿ, ತುಳಿದು, ಮುಚ್ಚಳ ಹಾಕಿದೆ. ಒಂದೇ ವಾರಕ್ಕೆ ಡ್ರಮ್ಮಿನ ಬುಡದಿಂದ ಕಂದು ನೀರು. ತೆಗೆದಾಗ ಕೊಳೆತ ಬೆಣ್ಣೆಯ ವಾಸನೆ, ಹುಳಿ ಅಳೆಯುವ ಪಿಎಚ್ ಕಾಗದದಲ್ಲಿ 5ರ ಮೇಲೆ. ಹುಳಿ ಸರಿಯಾಗಿ ಬಂದಿದ್ದರೆ 4ರ ಆಸುಪಾಸಿಗೆ ಇಳಿಯಬೇಕಿತ್ತು. ಹಸುಗಳು ಮೂಸಿ ಮುಖ ತಿರುಗಿಸಿದವು. ಮರುವರ್ಷ ಯಾರೋ ಕೊಟ್ಟ ಕಲ್ಚರ್ ಪುಡಿ (ಮೇವಿಗೆ ಹುಳಿ ಬರಿಸುವ ಬ್ಯಾಕ್ಟೀರಿಯಾ) ಹಾಕಿದೆ. ಪ್ಯಾಕೆಟ್ ದುಡ್ಡು ದಂಡ. ಅಷ್ಟು ನೀರಿರುವ ಹುಲ್ಲಿನಲ್ಲಿ ಆ ಪುಡಿ ಕೆಲಸ ಮಾಡಲಿಲ್ಲ. ಟಾರ್ಪಲ್ ಕೆಳಗೆ ಬಾಡಿಸಲು ನೋಡಿದೆ, ರಾಶಿ ಬಿಸಿಯಾಗಿ ಬೂಸ್ಟು ಹಿಡಿಯಿತು. ಎಲ್ಲ ಸೇರಿ ಒಂದು ಇಪ್ಪತ್ತು ಸಾವಿರ ಹೋಗಿರಬಹುದು.

ದಾರಿ ಸಿಕ್ಕಿದ್ದು ಕಾಫಿ ಒಣಗಿಸುವ ಪಾಲಿಹೌಸಿನಲ್ಲಿ. ಮಾರ್ಚ್ ಕಳೆದರೆ ನವೆಂಬರ್‌ವರೆಗೆ ಅದು ಸುಮ್ನೆ ಖಾಲಿ. ಮಳೆ ಸ್ವಲ್ಪ ಬಿಟ್ಟ ಹೊತ್ತಲ್ಲಿ ಹುಲ್ಲು ಕೊಯ್ದು, ಒಳಗೆ ನಾಲ್ಕಿಂಚು ದಪ್ಪಕ್ಕೆ ಹರಡಿ, ಎರಡೂ ಬಾಗಿಲು ತೆರೆದು, ಒಂದು ಹಳೇ ಫ್ಯಾನ್ ಹಾಕುತ್ತೇನೆ. ಕಾಫಿ ಕೆದಕುವ ಹಾಗೇ ಕೆದಕಬೇಕು. ಜೂನಿನಲ್ಲಿ ಒಂದು ದಿನ, ಕಕ್ಕಡದ ಜಡಿಮಳೆಯಲ್ಲಿ ಎರಡು ದಿನ. ಒಣ ಅಂಶ 23-24ಕ್ಕೆ ಬರುತ್ತದೆ, ಅದಕ್ಕಿಂತ ಮೇಲೆ ಹೋಗುವುದಿಲ್ಲ. ಹೆಚ್ಚು ಹೊತ್ತು ಬಿಟ್ಟರೆ ಬಿಸಿಯಾಗುತ್ತದೆ.

ಉಳಿದದ್ದನ್ನು ಒಣಹುಲ್ಲು ತುಂಬುತ್ತದೆ. ನಮ್ಮ ಗದ್ದೆಯ ಭತ್ತದ ಹುಲ್ಲಿನಲ್ಲಿ ಒಣ ಅಂಶ 90. ಬಾಡಿಸಿದ ನೇಪಿಯರ್ 100 ಕೆಜಿಗೆ 10 ಕೆಜಿ ಒಣಹುಲ್ಲು ಸೇರಿಸಿದರೆ 30 ಆಗುತ್ತದೆ. ಬಾಡಿಸದೆ 14ರಲ್ಲೇ ತುಂಬಿದರೆ 27 ಕೆಜಿ ಬೇಕು. ಆಗ ಅದು ರಸಮೇವಲ್ಲ, ನೆನೆಸಿದ ಒಣಹುಲ್ಲು. ಎರಡನ್ನೂ ಮುಕ್ಕಾಲು ಇಂಚಿಗೆ ಕತ್ತರಿಸಿ, ಡ್ರಮ್ಮಿನ ತಳಕ್ಕೆ ಒಂದು ಗೇಣು ಬರೀ ಒಣಹುಲ್ಲು ಹಾಕಿ, ಅದರ ಮೇಲೆ ಬೆರೆಸಿದ್ದನ್ನು ಪದರ ಪದರವಾಗಿ ತುಳಿಯುತ್ತೇನೆ. 100 ಕೆಜಿಗೆ ಒಂದೂವರೆ ಕೆಜಿ ಕಪ್ಪು ಬೆಲ್ಲ, ಕರಗುವಷ್ಟೇ ನೀರು. ಆ ಬೆಲ್ಲದ ನೀರಿಗೆ ಇನ್ನೊಂದು ವಸ್ತು ಹಾಕುತ್ತೇನೆ. ಅದನ್ನೂ ಮುಚ್ಚಳ ಕಟ್ಟುವ ರೀತಿಯನ್ನೂ ಇಲ್ಲಿ ಬರೆಯುವುದಿಲ್ಲ. ತೋಟಕ್ಕೆ ಬಂದವರಿಗೆ ತೋರಿಸುತ್ತೇನೆ.

ಜೂನಿನಲ್ಲಿ ತುಂಬಿದ್ದನ್ನು ಕಕ್ಕಡದ ನಡುವೆ ತೆಗೆಯುತ್ತೇನೆ. ಹಳದಿ ಹಸಿರು ಬಣ್ಣ, ಹುಳಿ ವಾಸನೆ, ಪಿಎಚ್ 4. ಹಸುವಿಗೆ ದಿನಕ್ಕೆ 15-20 ಕೆಜಿ ಕೊಡುತ್ತೇನೆ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಫ್ಯಾಟ್ 3.3ರಿಂದ 3.8ಕ್ಕೆ ಏರಿತ್ತು, ಹಸುವಿಗೆ ಒಂದು ಲೀಟರ್ ಹಾಲೂ ಜಾಸ್ತಿ. "ಕಾಫಿ ಕಣದಲ್ಲಿ ಹುಲ್ಲಾ?" ಅಂತ ಕೇಳಿದ ನೆಂಟರೇ ಈಗ ಡ್ರಮ್ ಎಲ್ಲಿ ಸಿಗುತ್ತದೆ ಅಂತ ಫೋನ್ ಮಾಡುತ್ತಾರೆ.

ದುಡ್ಡಿನ ಮಾತು. ಸ್ವಂತ ಹುಲ್ಲು, ಒಣಹುಲ್ಲು, ಬೆಲ್ಲ, ಕೂಲಿ ಸೇರಿ ನನಗೆ ಕೆಜಿಗೆ ಮೂರೂವರೆ ರೂಪಾಯಿ ಚಿಲ್ಲರೆ ಬೀಳುತ್ತದೆ. ಹೊರಗಿನಿಂದ ತರಿಸಿದ ಜೋಳದ ರಸಮೇವು ಮನೆಗೆ ಬರುವಾಗ ಎಂಟೂವರೆ. ಮಾರಿದವರು ಒಣ ಅಂಶ 35 ಅಂದಿದ್ದರು, ಮೈಕ್ರೋವೇವಿನಲ್ಲಿ ಬಂದದ್ದು 26. ಅಂದರೆ ಒಂದು ಕೆಜಿ ಒಣ ಮೇವಿಗೆ ಮೂವತ್ತೆರಡು ರೂಪಾಯಿ ಮೇಲೆ. ನನ್ನದು ಹನ್ನೆರಡು. ಜೋಳದಲ್ಲಿ ಕಾಳಿನ ಶಕ್ತಿ ಇದೆ, ಒಪ್ಪುತ್ತೇನೆ. ಆದರೆ ಇಷ್ಟು ವ್ಯತ್ಯಾಸಕ್ಕೆ ಅಷ್ಟು ಶಕ್ತಿ ಇರಲಿಲ್ಲ. ಲೋಡ್ ಇಳಿಸುವ ಮೊದಲು 100 ಗ್ರಾಂ ಒಣಗಿಸಿ ನೋಡಿ, ಆಮೇಲೆ ದುಡ್ಡು ಕೊಡಿ.

ಬೇರೆ ಪ್ರಯೋಗಗಳೂ ನಡೆದವು. ಪಲ್ಪರ್ ಯಂತ್ರ ಸುಲಿದ ಕಾಫಿ ಹಣ್ಣಿನ ಸಿಪ್ಪೆ ಒಂದು ಡ್ರಮ್ ತುಂಬಿದೆ. ಕೆಡಲಿಲ್ಲ, ಆದರೆ ಹಸು ತಿನ್ನಲಿಲ್ಲ. ಬಿಟ್ಟೆ. ಹಲಸಿನ ಸಿಪ್ಪೆ, ತೊಳೆ ತೆಗೆದ ಮೇಲೆ ಉಳಿದ ರೇಚೆ ಚೆನ್ನಾಗಿ ಬಂತು. ಅದರಲ್ಲೇ ಸಕ್ಕರೆ ಇರುವುದರಿಂದ ಬೆಲ್ಲ ಬೇಕಾಗಲಿಲ್ಲ, ಒಣಹುಲ್ಲು ಮಾತ್ರ ಜಾಸ್ತಿ ಎಳೆಯಿತು. ನನಗೆ ತುಂಬಾ ಇಷ್ಟವಾದದ್ದು ಕಾಫಿ ತೋಟದ ನೆರಳಿನ ಮರ ಹಾಲುವಾಣ. ಮಳೆಗೆ ಮೊದಲು ಮರಗಸಿ (ನೆರಳು ಮರದ ಕೊಂಬೆ ಸವರುವುದು) ಮಾಡಿದಾಗ ಬಿದ್ದ ಸೊಪ್ಪನ್ನು ನೆರಳಲ್ಲಿ ಒಣಗಿಸಿ ಚೀಲ ಕಟ್ಟಿಡುತ್ತೇನೆ. ಒಣಹುಲ್ಲಿನಲ್ಲಿ ಪ್ರೋಟೀನ್ ಕಮ್ಮಿ ಅಲ್ವಾ, ಆ ಕೊರತೆಯನ್ನು ಈ ಸೊಪ್ಪು ಸ್ವಲ್ಪ ತುಂಬುತ್ತದೆ. ಡ್ರಮ್ಮಿಗೆ ಐದಾರು ಕೆಜಿ ಒಣ ಸೊಪ್ಪು ಬೆರೆಸಿದರೆ, ಅಷ್ಟೇ ತೂಕದ ಒಣಹುಲ್ಲು ಕಡಿಮೆ ಮಾಡುತ್ತೇನೆ.

ಒಣಹುಲ್ಲನ್ನು ಮಾತ್ರ ಜನವರಿ ಕೊಯ್ಲಿನಲ್ಲೇ ತೆಗೆದಿಟ್ಟುಕೊಳ್ಳಿ. ಜುಲೈಯಲ್ಲಿ ಹುಡುಕಲು ಹೊರಟರೆ ರೇಟು ಹೆಚ್ಚುಕಮ್ಮಿ ಎರಡು ಪಟ್ಟು, ಸಿಗುವುದೂ ಅರ್ಧ ನೆನೆದ ಹುಲ್ಲು.