ಅರುವತ್ತು ದಾಟಿದ ಮೇಲೆ ಬಿ.ಪಿ.ಯ ಎರಡೂ ಸಂಖ್ಯೆ ನೋಡಿ

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ನಿವೃತ್ತಿಯಾದ ಮೇಲೂ ನೀರ್ಚಾಲಿನ ನಮ್ಮ ಮನೆಗೆ ಬಿ.ಪಿ. ನೋಡಿಸಲು ಅಕ್ಕಪಕ್ಕದವರು ಬರುತ್ತಾರೆ. ಹೆಚ್ಚಿನವರ ಪ್ರಶ್ನೆ ಒಂದೇ: "ಸಿಸ್ಟರೇ, ಕೆಳಗಿನದ್ದು 70 ಅಷ್ಟೇ ಇದೆ. ತೊಂದರೆ ಇಲ್ಲ ಅಲ್ವಾ?" ಮೇಲಿನದ್ದು 160 ಇರುತ್ತದೆ! ಮೇಲಿನದ್ದು ಅಂದರೆ ಹೃದಯ ಬಡಿದಾಗ ನಾಳದಲ್ಲಿರುವ ಒತ್ತಡ, ಕೆಳಗಿನದ್ದು ಎರಡು ಬಡಿತಗಳ ನಡುವಿನದ್ದು.

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಗೋಡೆಯಲ್ಲಿ ಎಲಾಸ್ಟಿನ್ ಎಂಬ ಎಳೆಗಳಿವೆ. ಅವುಗಳಿಂದಾಗಿ ಪ್ರತಿ ಬಡಿತಕ್ಕೂ ನಾಳ ಉಬ್ಬುತ್ತದೆ, ಮತ್ತೆ ಕುಗ್ಗಿ ರಕ್ತವನ್ನು ಮುಂದಕ್ಕೆ ದೂಡುತ್ತದೆ. ವಯಸ್ಸಾದ ಹಾಗೆ ಆ ಎಳೆಗಳು ಹರಿಯುತ್ತವೆ, ಗಟ್ಟಿಯಾದ ಕೊಲಾಜನ್ ಜಾಸ್ತಿಯಾಗುತ್ತದೆ. ಬಿಸಿಲಿಗೆ ಬಿದ್ದು ಬಿರುಸಾದ ತೋಟದ ಹಳೇ ಪೈಪಿನ ಹಾಗೆ. ಉಬ್ಬಲಾಗದ ನಾಳದಲ್ಲಿ ಮೇಲಿನ ಒತ್ತಡ ಏರುತ್ತದೆ, ಕುಗ್ಗಲಾಗದ್ದರಿಂದ ಕೆಳಗಿನದ್ದು ಇಳಿಯುತ್ತದೆ. ಹಾಗಾಗಿ ಮೇಲಿನದ್ದು ಏರಿರುವಾಗ ಕೆಳಗಿನದ್ದು ಕಡಿಮೆ ಇದೆ ಅಂತ ಸಮಾಧಾನ ಪಡಬೇಡಿ.

ಮೇಲಿನದರಿಂದ ಕೆಳಗಿನದನ್ನು ಕಳೆಯಿರಿ. ಸಾಮಾನ್ಯವಾಗಿ 40ರ ಆಸುಪಾಸು ಬರುತ್ತದೆ. ವಯಸ್ಸಾದವರಲ್ಲಿ ಯಾವಾಗಲೂ 60ಕ್ಕಿಂತ ಜಾಸ್ತಿ ಬರುತ್ತಿದ್ದರೆ ನಾಳ ಬಿರುಸಾಗಿರುವ ಸೂಚನೆ. 160/70 ಅಂದರೆ 90 ಆಯಿತು. ಪ್ರತಿ ಬಡಿತದ ಆ ಹೊಡೆತ ತಾಗುವುದು ಮಿದುಳು, ಕಿಡ್ನಿಗಳ ಸಣ್ಣ ನಾಳಗಳಿಗೆ. ನಾಳದ ಬಿರುಸನ್ನೇ ಅಳೆಯುವ ಪಲ್ಸ್ ವೇವ್ ವೆಲಾಸಿಟಿ ಎಂಬ ಪರೀಕ್ಷೆಯೂ ಇದೆ. ಆದರೆ ಅದಕ್ಕಾಗಿ ಊರೂರು ಅಲೆಯುವ ಮೊದಲು ಮನೆಯಲ್ಲಿ ಬಿ.ಪಿ. ಸರಿಯಾಗಿ ನೋಡಲು ಕಲಿಯಿರಿ.

ಗುಡ್ಡೆ ಹತ್ತಿ ಬಂದವರು ಏದುಸಿರಲ್ಲೇ ಕೈ ಚಾಚುತ್ತಾರೆ. ನಾನು ಕೂತುಕೊಳ್ಳಲು ಹೇಳುತ್ತೇನೆ. 5 ನಿಮಿಷ ಬೆನ್ನು ಒರಗಿಸಿ, ಎರಡೂ ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ ಕೂರಬೇಕು. ಕೈ ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಪಟ್ಟಿ ಬರಿ ತೋಳಿಗೆ ಕಟ್ಟಬೇಕು, ಅಂಗಿಯ ಮೇಲಲ್ಲ. ಅರ್ಧ ಗಂಟೆ ಮೊದಲಿಂದ ಕಾಫಿ, ಬೀಡಿ, ಎಲೆಯಡಿಕೆ ಬೇಡ. ಮೂತ್ರಕ್ಕೆ ಹೋಗಿ ಬಂದಿರಬೇಕು. ನೋಡುವಾಗ ಮಾತೂ ಬೇಡ. ಮಾತಾಡಿದರೆ ಸಂಖ್ಯೆ ಏರುತ್ತದೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಬೆಳಿಗ್ಗೆ, ಸಂಜೆ, ಹೀಗೆ 7 ದಿನ ಬರೆಯಿರಿ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯಲ್ಲಿ 135/85 ಅಥವಾ ಅದಕ್ಕಿಂತ ಮೇಲೆ ಬಂದರೆ, ಎರಡರಲ್ಲಿ ಒಂದೇ ಏರಿದ್ದರೂ, ಹತ್ತಿರದ ಆರೋಗ್ಯ ಕೇಂದ್ರದ ಡಾಕ್ಟರಿಗೆ ಆ ಚೀಟಿ ತೋರಿಸಿ.

ಇನ್ನು ಉಪ್ಪು. ನಮ್ಮ ಕಡೆಯ ದೊಡ್ಡ ಸಮಸ್ಯೆ ಇದೇ ಅಂತ ನನಗನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚವೂ ತುಂಬದಷ್ಟು. ಗಂಜಿಗೆ ಉಪ್ಪು, ಜೊತೆಗೆ ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ, ಕೆಲವರಿಗೆ ಒಣಮೀನು. ಒಂದೇ ಊಟಕ್ಕೆ ಮುಗಿಯಿತು! ಮಳೆಗಾಲದಲ್ಲಿ ಭರಣಿಯ ಉಪ್ಪುಸೊಳೆ, ಅಂದರೆ ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆ ಬೇರೆ. ಸೊಳೆ ತಿನ್ನಲೇಬೇಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೆ ಯಾರೂ ಕೇಳುವುದೂ ಇಲ್ಲ. ಎರಡು ಮೂರು ಸಲ ಹಿಂಡಿ ತೊಳೆಯಿರಿ. ರಾತ್ರಿಯಿಡೀ ನೀರಲ್ಲಿ ಹಾಕಿಡಿ. ಬೆಳಿಗ್ಗೆ ಆ ನೀರು ಚೆಲ್ಲಿ, ಇನ್ನೊಮ್ಮೆ ಹಿಂಡಿ, ಒಂದು ಸೊಳೆ ಕಚ್ಚಿ ರುಚಿ ನೋಡಿ. ಪಲ್ಯವಾಗಲಿ, ರೊಟ್ಟಿಯಾಗಲಿ, ಮತ್ತೆ ಉಪ್ಪು ಹಾಕಬೇಡಿ. ತೆಂಗಿನಕಾಯಿ, ಮೆಣಸು ಸಾಕು. ಉಪ್ಪು ಕಡಿಮೆ ಮಾಡಿದರೆ ನಾಲಗೆ ಕೆಲವು ವಾರಗಳಲ್ಲಿ ಅದಕ್ಕೇ ಒಗ್ಗುತ್ತದೆ. ಕಡಿಮೆ ಸೋಡಿಯಂ ಉಪ್ಪು ಅಂತ ಮಾರುವುದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು ಡಾಕ್ಟರಲ್ಲಿ ಕೇಳದೆ ಅದನ್ನು ಮುಟ್ಟಬೇಡಿ.

"ಇಡೀ ದಿನ ತೋಟದಲ್ಲೇ ಇರ್ತೇನೆ, ವ್ಯಾಯಾಮ ಯಾಕೆ?" ಅಂತ ನಮ್ಮ ಭಾವ ಕೇಳುತ್ತಾರೆ. ನಾಲ್ಕು ಹೆಜ್ಜೆ, ಬಗ್ಗಿ ಅಡಿಕೆ ಹೆಕ್ಕುವುದು, ನಿಲ್ಲುವುದು, ಇಷ್ಟು ಸಾಲದು. ಮಾತಾಡಬಹುದು ಆದರೆ ಹಾಡಲು ಉಸಿರು ಸಾಲದು ಅನ್ನುವಷ್ಟು ಬಿರುಸಿನ ನಡಿಗೆ ವಾರಕ್ಕೆ 150 ನಿಮಿಷ ಬೇಕು. ಹತ್ತು ಹತ್ತು ನಿಮಿಷವಾಗಿ ಮಾಡಿದರೂ ನಡೆಯುತ್ತದೆ. ಮಳೆ ಹೊಡೆಯುವಾಗ ಜಗಲಿಯಲ್ಲೇ ಆ ತುದಿಯಿಂದ ಈ ತುದಿಗೆ ನಡೆಯಿರಿ. ಹರಿದ ಎಳೆ ಮತ್ತೆ ಹುಟ್ಟುವುದಿಲ್ಲ ನಿಜ, ಆದರೆ ನಾಳ ಬಿರುಸಾಗುವ ವೇಗ ತಗ್ಗುತ್ತದೆ.

ಹೊಗೆಸೊಪ್ಪು, ಬೀಡಿ ಪೂರ್ತಿ ಬಿಡಬೇಕು. ಇದರಲ್ಲಿ ಚೌಕಾಸಿ ಇಲ್ಲ. ಸಕ್ಕರೆ ಕಾಯಿಲೆ ಇದ್ದರೆ ನಾಳ ಬೇಗ ಬಿರುಸಾಗುತ್ತದೆ, ಅದೂ ಹತೋಟಿಯಲ್ಲಿರಬೇಕು.

ಬಿ.ಪಿ. ಇಳಿಯಿತು ಅಂತ ಮಾತ್ರೆ ನಿಲ್ಲಿಸಬೇಡಿ. ಹೆಚ್ಚಿನವರಿಗೆ ಇಳಿದದ್ದೇ ಆ ಮಾತ್ರೆಯಿಂದ. ಹಾಸಿಗೆಯಿಂದ ಏಳುವಾಗ ತಲೆ ತಿರುಗಿದರೆ, ಮಲಗಿರುವಾಗ ಒಮ್ಮೆ, ಎದ್ದು ನಿಂತು 1 ನಿಮಿಷವಾದಾಗ ಒಮ್ಮೆ, 3 ನಿಮಿಷವಾದಾಗ ಇನ್ನೊಮ್ಮೆ ಬಿ.ಪಿ. ನೋಡಿ. ನಿಂತಾಗ ಮೇಲಿನದ್ದು 20 ಅಥವಾ ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಡಾಕ್ಟರಿಗೆ ಹೇಳಿ, ಅವರು ಮಾತ್ರೆ ನೋಡಿ ಸರಿಮಾಡುತ್ತಾರೆ. ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಎದೆ ಹಿಂಡಿದ ಹಾಗಾದರೆ ಬಿ.ಪಿ. ನೋಡುತ್ತಾ ಕೂರಬೇಡಿ. ಸಿಕ್ಕಿದ ಗಾಡಿ ಹತ್ತಿ ದೊಡ್ಡ ಆಸ್ಪತ್ರೆಗೆ ಹೊರಡಿ.