ಹಾಲ್‌ನ ಗೋಡೆ ಒಡೆಸುವ ಮುನ್ನ

ಹೊಸ ಫ್ಲ್ಯಾಟಿನಲ್ಲಿ ಹಾಲ್ ಮತ್ತು ಅಡುಗೆಮನೆಯ ನಡುವಿನ ಗೋಡೆ ತೆಗೆಸಲು ಯೋಚಿಸುತ್ತಿರುವವರು, ಮೇಸ್ತ್ರಿಯನ್ನು ಕರೆಯುವ ಮೊದಲು ಬಿಲ್ಡರ್‌ ಬಳಿ ಸ್ಟ್ರಕ್ಚರಲ್ ಡ್ರಾಯಿಂಗ್ ಕೇಳಿ ಪಡೆದು, ಅದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸುವುದು ಒಳ್ಳೆಯದು. ಪಿಲ್ಲರ್, ಬೀಮ್‌ಗಳ ಮೇಲೆ ನಿಂತ ಕಟ್ಟಡದಲ್ಲಿ 4 ಇಂಚಿನ ಬ್ಲಾಕ್ ಗೋಡೆ ಸಾಮಾನ್ಯವಾಗಿ ಬರೀ ಅಡ್ಡಗೋಡೆ. ಆದರೆ ಈಚಿನ ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಬಳಕೆಯಾಗುವ ಮೈವಾನ್ ವಿಧಾನದಲ್ಲಿ (ಅಲ್ಯೂಮಿನಿಯಂ ಅಚ್ಚುಗಳಲ್ಲಿ ಗೋಡೆ, ಚಾವಣಿಯನ್ನು ಒಟ್ಟಿಗೆ ಕಾಂಕ್ರೀಟಿನಿಂದ ಎರಕ ಹೊಯ್ಯುವುದು) ಕಾಂಕ್ರೀಟ್ ಗೋಡೆಗಳೇ ಮೇಲಿನ ಮಹಡಿಗಳ ಭಾರವನ್ನು ಹೊರುವುದರಿಂದ, ಅವುಗಳಲ್ಲಿ ಕಿಟಕಿಯಷ್ಟು ಕಿಂಡಿ ಕೊರೆಯುವುದೂ ಅಪಾಯಕರ. ಡ್ರಿಲ್ ಇಟ್ಟಾಗ ಬೂದು ಪುಡಿ ಬಂದಿತೆಂದು ಬ್ಲಾಕ್ ಗೋಡೆಯೆಂದೇ ತೀರ್ಮಾನಿಸಬೇಡಿ, ಕಾಂಕ್ರೀಟಿನಿಂದಲೂ ಅದೇ ಬಣ್ಣದ ಪುಡಿ ಉದುರುತ್ತದೆ.

ನಮ್ಮದು ಅಡ್ಡಗೋಡೆಯೇ ಆಗಿತ್ತು. ಆದರೂ ಸ್ವಿಚ್‌ಬೋರ್ಡಿನಿಂದ ಸೀಲಿಂಗಿಗೆ ಏರಿದ್ದ ಮೂರು ವೈರಿಂಗ್ ಪೈಪುಗಳನ್ನು ಬೇರೆ ಗೋಡೆಗೆ ತಿರುಗಿಸಲು, ಗೋಡೆ ಒಡೆಯುವುದಕ್ಕಿಂತ ಹೆಚ್ಚು ದಿನ ಹಿಡಿಯಿತು. ಗೋಡೆಯಿದ್ದ ಜಾಗದಲ್ಲಿ ಟೈಲ್ಸ್ ಇಲ್ಲದ ಒಂದು ಪಟ್ಟಿ ನೆಲದುದ್ದಕ್ಕೂ ಉಳಿಯುತ್ತದೆ. ಅದೇ ಬ್ಯಾಚಿನ ನಾಲ್ಕಾರು ಟೈಲ್ಸ್‌ಗಳನ್ನು ಈಗಲೇ ಕೇಳಿ ಇಟ್ಟುಕೊಳ್ಳಿ, ಆಮೇಲೆ ಬಣ್ಣ ಹೊಂದುವುದು ಕಷ್ಟ.

ಹಾಲಿಗೆ ಬಾಲ್ಕನಿ ಸೇರಿಸುವವರು ಮಳೆನೀರು ಹರಿಯುವ ಇಳಿಜಾರನ್ನೂ ವಾಟರ್‌ಪ್ರೂಫಿಂಗನ್ನೂ ಮೊದಲು ನೋಡಬೇಕು. ಕೆಲಸ ಯಾವುದೇ ಇರಲಿ, ಅಸೋಸಿಯೇಷನ್ನಿನ ಒಪ್ಪಿಗೆಯನ್ನು ಬಾಯಿಮಾತಿನಲ್ಲಲ್ಲದೆ ಬರಹದಲ್ಲಿಯೇ ಪಡೆಯಿರಿ.